ಇಬ್ಬರು ದೋಸ್ತರ ಮಾತು, ನಡುವ ಒಬ್ಬಾಕಿ: 'ಕಾರ್ನಲ್ ನಾಲೆಜ್' ನೋಡಿ ನಿದ್ದಿಗೆಟ್ಟವರಿಗೆ

ಪ್ರಶ್ನೆ: ಸರ್, ನಂದು ಬಾಗಲಕೋಟಿ, ನಾಲ್ಕು ವರ್ಷದಿಂದ ಬೆಳಗಾವಿಯಾಗ ಕೆಲಸ. ರೂಮ್‌ಮೇಟ್ ನನ್ನ ಕಾಲೇಜ್ ದೋಸ್ತ, ಹನ್ನೊಂದು ವರ್ಷದ ದೋಸ್ತಿ ನಮ್ದು. ಹ್ವಾದ ವಾರ ಇಬ್ಬರೂ ಕೂಡಿ 'ಕಾರ್ನಲ್ ನಾಲೆಜ್' ಅನ್ನೋ 1971ರ ಇಂಗ್ಲಿಷ್ ಸಿನಿಮಾ ನೋಡಿದ್ವಿ. ಗಂಡಸರ ಬಗ್ಗೆ ಇಷ್ಟು ಖರೇ ಹೇಳಿದ ಸಿನಿಮಾ ಇನ್ನೊಂದಿಲ್ಲ ಅಂದ ಅವ. ನನಗ ಮಾತ್ರ ಆ ರಾತ್ರಿ ನಿದ್ದಿ ಬರ್ಲಿಲ್ಲ. ನನ್ನ ಜೋಡಿ ಎಂಗೇಜ್‌ಮೆಂಟ್ ಆದ ಹುಡುಗಿಗೂ ನೋಡು ಅಂತ ಹೇಳಿದ್ದೆ, ಅಕಿ ಅರ್ಧಕ್ಕ ಬಂದ್ ಮಾಡಿ 'ಹೊಲಸು ಐತಿ' ಅಂದ್ಲು. ಅದರಾಗಿನ ಇಬ್ಬರು ದೋಸ್ತರೊಳಗ ಜೊನಾಥನ್ ಕೆಟ್ಟವ, ಅದು ತಿಳೀತು, ಆದ್ರ ಸ್ಯಾಂಡಿ ಒಳ್ಳೆ ಹುಡುಗ ಅಲ್ರಿ, ಅವಂದ್ಯಾಕ ಒಂದೂ ಸಂಬಂಧ ನಿಲ್ಲಂಗಿಲ್ಲ? ಮತ್ತ ಹೆಣ್ಣುಮಕ್ಕಳ ಕಡೆಯಿಂದ ಡೈರೆಕ್ಟರ್ ಯಾಕ ಏನೂ ತೋರ್ಸಿಲ್ಲ? ಇದು ಒಳ್ಳೆ ಸಿನಿಮಾನೋ ಹೊಲಸೋ, ನೀವ ಹೇಳ್ರಿ.

ಉತ್ತರ: ಮೊದಲ ಈ ಹೊಲಸಿನ ಮಾತು ಮುಗಿಸಿಬಿಡೋಣು, ಯಾಕಂದ್ರ ಇದು ಒಮ್ಮೆ ಕೋರ್ಟಿನಾಗ ಮುಗದ ಮಾತು. 1972ರ ಜನವರಿಯೊಳಗ ಅಮೆರಿಕದ ಜಾರ್ಜಿಯಾ ರಾಜ್ಯದ ಆಲ್ಬನಿ ಅನ್ನೋ ಊರಾಗ ಪೊಲೀಸರು ವಾರಂಟ್ ತಗೊಂಡು ಟಾಕೀಜಿಗೆ ಬಂದು ಈ ಸಿನಿಮಾದ ರೀಲ್ ಜಪ್ತಿ ಮಾಡಿದ್ರು, ಟಾಕೀಜಿನ ಮ್ಯಾನೇಜರ್ ಬಿಲ್ಲಿ ಜೆಂಕಿನ್ಸ್ ಅನ್ನಾಂವಗ ಅಶ್ಲೀಲ ಚಿತ್ರ ತೋರ್ಸಿದಿ ಅಂತ 750 ಡಾಲರ್ ದಂಡ, ಮ್ಯಾಲ 12 ತಿಂಗಳ ಪ್ರೊಬೇಷನ್. ಆ ರಾಜ್ಯದ ಸುಪ್ರೀಂ ಕೋರ್ಟೂ ಸರಿ ಅಂತ ಎತ್ತಿ ಹಿಡೀತು. ಕೇಸು ದೇಶದ ಸುಪ್ರೀಂ ಕೋರ್ಟಿಗೆ ಹೋತು, 1974ರ ಜೂನ್ 24ಕ್ಕ ಅಲ್ಲಿ ಎಲ್ಲಾ ಜಡ್ಜರೂ ಒಮ್ಮತದಿಂದ ಆ ಶಿಕ್ಷಾ ರದ್ದು ಮಾಡಿದ್ರು. ಬರೇ ಮೈ ಕಂಡ್ರ ಅದು ಅಶ್ಲೀಲ ಆಗಂಗಿಲ್ಲ, ಕೂಡೋ ಹೊತ್ತಿನಾಗ ಕ್ಯಾಮರಾ ಅವರ ದೇಹದ ಮ್ಯಾಲ ನಿಂತಿಲ್ಲ ಅಂತ ತೀರ್ಪಿನಾಗ ಬರದಾರ. ಇವತ್ತಿನ ವೆಬ್‌ ಸೀರೀಸ್ ನೋಡಿದ ಕಣ್ಣಿಗೆ ಇದರಾಗ ಮೈ ಕಾಣೋದು ಭಾಳ ಕಡಿಮಿ, ನಿಮಗೂ ಗೊತ್ತೈತಿ. ಹಂಗಾರ ನಿಮ್ಮ ಹುಡುಗಿ ಅಂದ ಹೊಲಸು ಯಾವದು? ಅದು ಕೋರ್ಟ್ ಹುಡುಕಿದ ಹೊಲಸು ಅಲ್ಲ ಅಂತ ನನಗ ಅನಸ್ತೈತಿ, ಅದಕ್ಕ ಕಡೀಕ ಬರ್ತೀನಿ.

ಈ ಸಿನಿಮಾ ನೋಡೋಮುಂದ ಕಣ್ಣಿಗಿಂತ ಕಿವಿ ಚುರುಕ್ ಇರಬೇಕು. ಬರದಾಂವ ಜೂಲ್ಸ್ ಫೈಫರ್, ಅವ ಮೂಲತಃ ಕಾರ್ಟೂನಿಸ್ಟ್, ಅವನ ಕಾರ್ಟೂನಿನಾಗ ಮನಷ್ಯಾರು ನಿಂತಲ್ಲೇ ನಿಂತು ಮಾತಾಡಕೋತ ಮಾತಾಡಕೋತ ತಮ್ಮ ಮಾತಿನಾಗ ತಾವ ಸಿಕ್ಕೊಂಡು ಬೀಳ್ತಾರ. ಮೊದಲ ಇದನ್ನ ನಾಟಕ ಅಂತ ಬರದಿದ್ದ, ಡೈರೆಕ್ಟರ್ ಮೈಕ್ ನಿಕೋಲ್ಸ್ ಓದಿ ಇದು ಸಿನಿಮಾ ಆಗ್ತೈತಿ ಅಂದ. ನಿಕೋಲ್ಸ್‌ಗ 'ದಿ ಗ್ರಾಜುಯೇಟ್' ಸಿನಿಮಾಕ್ಕ ಡೈರೆಕ್ಷನ್ ಆಸ್ಕರ್ ಬಂದಿತ್ತು, ಅದಕ್ಕೂ ಮೊದಲ ಎಲೇನ್ ಮೇ ಅನ್ನೋ ಕಲಾವಿದಿ ಜೋಡಿ ಸ್ಟೇಜ್ ಮ್ಯಾಲ ಬರೇ ಎರಡು ಮಂದಿ ಮಾತಿನಾಗ ಜನರನ್ನ ನಗಸ್ತಿದ್ದ. ಇಬ್ಬರು ಮಾತಾಡೋಮುಂದ ಯಾರು ಯಾರನ್ನ ಕೇಳಸ್ಕೊಳ್ಳಾಕತ್ತಿಲ್ಲ ಅನ್ನೋದು ಅವಂಗ ಅಂಗೈ ಗೆರಿ ಇದ್ದಂಗ ಗೊತ್ತಿತ್ತು.

ಅದಕ್ಕ ಈ ಸಿನಿಮಾದಾಗ ಮುಖಾ ಕಾಣೂಕಿಂತ ಮೊದಲ ದನಿ ಕೇಳಸ್ತೈತಿ. ಟೈಟಲ್ ಬರೋ ಹೊತ್ತಿನಾಗ ಪರದಿ ಕರ್ರಗ, ಇಬ್ಬರು ಹುಡುಗರು ಹಾಸ್ಟೆಲ್ ರೂಮಿನಾಗ ಮಾತಾಡಾಕತ್ತಾರ, ಪ್ರೀತಿ ಮಾಡೋದು ಚಲೋನೋ ಪ್ರೀತಿ ಮಾಡಸ್ಕೊಳ್ಳೋದು ಚಲೋನೋ ಅಂತ. ಒಂದು ಜೊನಾಥನ್ ಪಾತ್ರ ಮಾಡಿದ ಜ್ಯಾಕ್ ನಿಕೋಲ್ಸನ್ ದನಿ, ಒಂದು ಸ್ಯಾಂಡಿ ಪಾತ್ರ ಮಾಡಿದ ಆರ್ಟ್ ಗಾರ್ಫಂಕಲ್ ದನಿ. 1940ರ ದಶಕದ ಕಡೀ ಭಾಗ, ಆಮ್‌ಹರ್ಸ್ಟ್ ಕಾಲೇಜಿನ ಹುಡುಗೂರು. ನಮ್ಮಲ್ಲಿ ಹಾಸ್ಟೆಲ್ ಟೆರೇಸ್ ಮ್ಯಾಲ ಚಾಪಿ ಹಾಸ್ಕೊಂಡು ರಾತ್ರಿ ಎರಡರ ತನಕ ನಡಿಯೋ ಮಾತು ಐತೆಲ್ಲ, ಅದ ಇದು, ದೇಶ ಬ್ಯಾರೆ ಅಷ್ಟ. ನೀವು ಹನ್ನೊಂದು ವರ್ಷದ ದೋಸ್ತಿ ಅಂತ ಬರದೀರಿ, ಅಂದಮ್ಯಾಲ ಇಂಥಾ ಮಾತು ನಿಮ್ಮ ನಡುವನೂ ಆಗಿರಲಾಕ ಬೇಕು.

ಈಗ ಸ್ಯಾಂಡಿಗೆ ಬರೋಣು. ನಿಮ್ಮ ಮುಖ್ಯ ಪ್ರಶ್ನಿ ಅದ, ಮತ್ತ ಈ ಸಿನಿಮಾದ ಜೀವಾನೂ ಅಲ್ಲೇ ಐತಿ ಅಂತ ನನ್ನ ನಂಬಿಕಿ. ಸ್ಯಾಂಡಿಗೆ ಪಾರ್ಟಿಯೊಳಗ ಸೂಸನ್ ಕಾಣಸ್ತಾಳ, ಹೋಗಿ ಮಾತಾಡ್ಸಾಕ ಧೈರ್ಯಾ ಇಲ್ಲ, ಜೊನಾಥನ್ ದಬ್ಬತಾನ, ಅವ ಹೋಗ್ತಾನ. ಅಲ್ಲಿಂದ ಮುಂದ ಸ್ಯಾಂಡಿ ಪ್ರತೀ ಸಲ ಅಕಿನ್ನ ಭೆಟ್ಟಿಯಾಗಿ ಬಂದು ರೂಮಿನಾಗ ರಿಪೋರ್ಟ್ ಕೊಡ್ತಾನ. ಎಲ್ಲಿ ತನಕ ಬಂತು, ಏನಂದ್ಲು, ಕೈ ಎಲ್ಲಿಟ್ಟಿ, ಬ್ಯಾಡಂದ್ಲೇನು. ಜೊನಾಥನ್ ಪರೀಕ್ಷಾ ತಗೊಳ್ಳೋ ಮಾಸ್ತರನಂಗ ಕುಂತು ಕೇಳ್ತಾನ. ಒಂದಿನ ಸ್ಯಾಂಡಿ ಒಂದು ಭಾಳ ಮೆತ್ತಗಿನ ಮಾತು ತಂದು ಹೇಳ್ತಾನ, ನನ್ನೊಳಗ ಇಂಥಾ ವಿಚಾರ ಅದಾವು ಅನ್ನೋದು ನನಗ ಗೊತ್ತಿರಲಿಲ್ಲ, ಅಕಿ ಅದನ್ನ ನನಗ ಹೇಳ್ತಾಳ ಅಂತ. ಒಬ್ಬ ಇಪ್ಪತ್ತು ವರ್ಷದ ಹುಡುಗನ ಬಾಯಾಗ ಪ್ರೀತಿ ಬಗ್ಗೆ ಇದಕ್ಕಿಂತ ಚಲೋ ಮಾತು ಬರೋದು ಕಷ್ಟ. ಆದ್ರ ಆ ಮಾತು ಸೂಸನ್ ಮುಂದ ಹೇಳಬೇಕಾಗಿತ್ತು, ಅವ ಹೇಳಿದ್ದು ಜೊನಾಥನ್ ಮುಂದ. ಅದನ್ನ ಕೇಳಿದ ಜೊನಾಥನ್‌ಗ ಹೊಟ್ಟಿಕಿಚ್ಚು ಹತ್ತಿ ಹಿಂದಿಂದ ಸೂಸನ್‌ಗ ಗಂಟುಬೀಳ್ತಾನ, ಅಕಿ ಜೋಡಿ ಮೊದಲ ಮಲಗಾಂವನೂ ಅವನ, ಆಮ್ಯಾಲ ಅಕಿ ಮುಂದ ನಿಂತು ಜಗಳಾ ಬ್ಯಾರೆ: ಅವಂಗ ಅವನ ವಿಚಾರ ಹೇಳ್ತಿ, ನನಗೂ ನನ್ನ ವಿಚಾರ ಹೇಳು ಅಂತ. ಈ ಮಾತು ನೆನಪಿಟ್ಕೊಳ್ರಿ, ಮುಂದ ಬೇಕಾಗ್ತೈತಿ.

ಸ್ಯಾಂಡಿ ಒಳ್ಳೆ ಹುಡುಗ ಅಂತೀರಿ, ಒಪ್ಪತೀನಿ, ಜೊನಾಥನ್‌ನಂಗ ಕಚ್ಚಾಂವ ಅಲ್ಲ. ಆದ್ರ ಅವಂಗ ತನ್ನದು ಅನ್ನೋದು ಏನೂ ಇಲ್ಲ. ತನಗ ಏನ್ ಸಿಕ್ಕ್ರೂ ಅದನ್ನ ದೋಸ್ತನ ತಕ್ಕಡಿಯಾಗ ಇಟ್ಟು ತೂಕ ಮಾಡಸ್ತಾನ, ಅವ ಹೂಂ ಅಂದ್ರ ಅದು ಬಂಗಾರ, ಅವ ಮೂಗು ಮುರದ್ರ ಅದು ಕಲ್ಲು. ಸೂಸನ್‌ನ ಲಗ್ನಾ ಆಗ್ತಾನ, ಡಾಕ್ಟರ್ ಆಗ್ತಾನ, ವರ್ಷಗಟ್ಲೆ ಆದಮ್ಯಾಲ ಲಗ್ನದಾಗ ಉಲ್ಲಾಸ ಇಲ್ಲ ಅಂತ ಮತ್ತ ಹೇಳೋದು ಜೊನಾಥನ್ ಮುಂದ. ಪ್ರೀತಿ ಮಾಡೋ ಹೆಂಗಸಿನ ಜೋಡಿ ಆ ಸುಖ ಸಿಗೋದ ಇಲ್ಲೇನೋ ಅಂತಾನ, ನೋಡ್ರಿ, ಇಂಥಾ ದೊಡ್ಡ ಮಾತು ಹೆಂಡ್ತಿ ಮುಂದ ಒಮ್ಮೆ ಬಾಯಿಬಿಟ್ಟು ಹೇಳಿದ್ರ ಆ ಲಗ್ನಕ್ಕ ಏನಾರ ದಾರಿ ಸಿಕ್ಕಿರ್ತಿತ್ತೋ ಏನೋ, ಅಕಿಗಂತೂ ಆ ಮಾತು ಮುಟ್ಟಿದ್ದನ್ನ ಸಿನಿಮಾ ಎಲ್ಲೂ ತೋರಸಂಗಿಲ್ಲ. ಜೊನಾಥನ್ ಹೆಂಗಸರನ್ನ ಬಳಸಿ ಬಿಸಾಕ್ತಾನ, ಸ್ಯಾಂಡಿ ಹೆಂಗಸರ ಸುದ್ದಿ ಹೊತ್ಕೊಂಡು ಓಡ್ಯಾಡ್ತಾನ. ಹೆಣ್ಣಿನ ಕಡೆಯಿಂದ ನೋಡಿದ್ರ ಇವೆರಡರ ನಡುವ ಭಾಳ ಅಂತರ ಇಲ್ಲ.

ಹೆಣ್ಣುಮಕ್ಕಳ ಕಡೆಯಿಂದ ಏನೂ ತೋರ್ಸಿಲ್ಲ ಅಂದ್ರಿ. ಒಂದು ಶಾಟ್ ಮತ್ತ ಹಾಕಿ ನೋಡ್ರಿ. ಮೂರೂ ಮಂದಿ ಟೇಬಲ್ ಮುಂದ ಕುಂತಾರ, ಕ್ಯಾಮರಾ ಬರೇ ಸೂಸನ್ ಮುಖದ ಮ್ಯಾಲ. ಆ ಕಡೆ ಒಬ್ಬ ಈ ಕಡೆ ಒಬ್ಬ, ಇಬ್ಬರೂ ಫ್ರೇಮಿನಾಗ ಇಲ್ಲ, ದನಿ ಮಾತ್ರ ಬರ್ತೈತಿ, ಅವರು ಚ್ಯಾಷ್ಟಿ ಮಾಡ್ತಾರ, ಅಕಿ ಒಮ್ಮೆ ಆ ಕಡೆ ಹೊರಳಿ ನಗ್ತಾಳ ಒಮ್ಮೆ ಈ ಕಡೆ ಹೊರಳಿ ನಗ್ತಾಳ, ಕಟ್ಟೇ ಇಲ್ಲ, ಕ್ಯಾಮರಾ ಅಲ್ಲಾಡಂಗಿಲ್ಲ, ಅಕಿ ನಕ್ಕೋತ ಹೋಗ್ತಾಳ, ನಕ್ಕು ನಕ್ಕು ಕಣ್ಣಾಗ ನೀರು ಬರೂಹಂಗ. ಕ್ಯಾಂಡಿಸ್ ಬರ್ಗನ್ ಅದನ್ನ ಮಾಡಿದ ರೀತಿ ನಾ ಎಷ್ಟು ಸಲ ನೋಡೀನೋ ಲೆಕ್ಕಿಲ್ಲ. ಮೊದಲ ನಮಗೂ ನಗು ಬರ್ತೈತಿ. ಒಂದು ಗಳಿಗಿ ಆದಮ್ಯಾಲ ತಿಳೀತೈತಿ, ಅಕಿ ಇಬ್ಬರ ನಡುವ ಸಿಕ್ಕಾಳ, ಇಬ್ಬರಿಗೂ ನಗೋ ಮುಖಾ ಕೊಡಬೇಕಾಗೈತಿ, ಸ್ಯಾಂಡಿಗೆ ಜೊನಾಥನ್‌ಂದು ಗೊತ್ತಿಲ್ಲ, ಅಕಿಗೆ ಎರಡೂ ಗೊತ್ತು. ಇಡೀ ಸಿನಿಮಾದಾಗ ಎಲ್ಲಾ ಗೊತ್ತಿದ್ದ ಮುಖಾ ಅದೊಂದ.

ಆಮ್ಯಾಲ ಅಕಿ ಸಿನಿಮಾದಿಂದ ಮಾಯ ಆಗ್ತಾಳ. ಕಾಲೇಜಿನ ಭಾಗ ಮುಗದ ಮ್ಯಾಲ ಸೂಸನ್‌ನ ಒಮ್ಮೆನೂ ಎದುರಿಗೆ ತೋರಸಂಗಿಲ್ಲ, ಲಗ್ನಾ ಇಲ್ಲ, ಮನಿ ಇಲ್ಲ, ಮಕ್ಕಳಿಲ್ಲ, ಇವರಿಬ್ಬರ ಬಾಯಾಗ ಹೆಸರು ಮಾತ್ರ ಉಳೀತೈತಿ. ಇದು ಡೈರೆಕ್ಟರ್ ಮರತದ್ದಲ್ಲ. ಅವರ ದೋಸ್ತಿಯೊಳಗ ಒಬ್ಬ ಹೆಣ್ಣುಮಗಳಿಗೆ ಎಷ್ಟು ಜಾಗಾ ಐತೋ ಸಿನಿಮಾದಾಗೂ ಅಷ್ಟ ಕೊಟ್ಟಾನ.

ನಮ್ಮ ಕಡೆ ಪಾರಿಜಾತದ ಆಟ ನೋಡಿದೋರಿಗೆ ಇದು ಲಗೂನ ತಿಳೀತೈತಿ. ಕುಲಗೋಡದ ಕಡೆಯಿಂದ ಬೆಳದ ಆಟ ಅದು, ನಾನೂ ಸಣ್ಣಾಂವ ಇದ್ದಾಗ ಅಜ್ಜನ ಮಗ್ಗಲಾಗ ಕಂಬಳಿ ಹೊತ್ಕೊಂಡು ಬೆಳತನಕ ನೋಡೀನಿ. ಅಲ್ಲಿ ಕೃಷ್ಣನೂ ಇಬ್ಬರು ಹೆಂಗಸರ ನಡುವ ಆಟಾ ಹೂಡಿದಾಂವನ, ಆದ್ರ ಭಾಮಾ ಸುಮ್ನ ಕುಂದ್ರಂಗಿಲ್ಲ, ದೇವರನ್ನ ಎದುರಿಗೆ ನಿಂದ್ರಿಸಿ ಮಾತಿನಾಗ ಹಣ್ಣು ಮಾಡ್ತಾಳ, ಊರಿಗೆ ಊರ ಕುಂತು ಅಕಿ ಮಾತು ಕೇಳ್ತೈತಿ. ಗಂಡಸು ತಪ್ಪು ಮಾಡಿದ್ದು ಎರಡೂ ಕಡೆ ಒಂದ, ಅಲ್ಲಿ ಹೆಣ್ಣು ಎದುರಿಗೆ ನಿಂತು ಕೇಳ್ತಾಳ, ಇಲ್ಲಿ ಅಕಿನ್ನ ಬಿಟ್ಟು ಇಬ್ಬರು ಗಂಡಸರು ಬಾಗಲಾ ಹಾಕ್ಕೊಂಡು ಮಾತಾಡ್ತಾರ.

ಎರಡನೇ ಭಾಗದಾಗ ಜೊನಾಥನ್‌ನ ಗೆಳತಿ ಬಾಬಿ ಬರ್ತಾಳ. ಆ್ಯನ್ ಮಾರ್ಗ್ರೆಟ್ ಅಲ್ಲಿತನಕ ಹಾಡು ಕುಣಿತದ ಸಿನಿಮಾದ ಚೆಂದದ ಹಿರೋಯಿನ್ ಅಂತ ಹೆಸರಾಗಿದ್ದಾಕಿ, ಈ ಪಾತ್ರಕ್ಕ ಆಸ್ಕರ್ ನಾಮಿನೇಷನ್ ಸಿಕ್ತು, ಇಡೀ ಸಿನಿಮಾಕ್ಕ ಸಿಕ್ಕದ್ದು ಅದೊಂದ. ಜೊನಾಥನ್ ಅಕಿನ್ನ ಕೆಲಸ ಬಿಡು ಅಂತಾನ, ಅಕಿ ಬಿಡ್ತಾಳ. ಆಮ್ಯಾಲ ದಿನಾ ಪೂರ್ತಿ ಹಾಸಿಗಿ ಮ್ಯಾಲ ಬಿದ್ದಿರ್ತಿ ಅಂತ ಬೈತಾನ. ಆ ಬೆಡ್‌ರೂಮಿನ ಜಗಳಾ ಐತೆಲ್ಲ, ಸಿನಿಮಾದಾಗ ಇದಕ್ಕಿಂತ ಖರೇ ಜಗಳಾ ನಾ ಕಂಡಿಲ್ಲ: ಅಕಿ ಮೆತ್ತಗ ಲಗ್ನಾ ಆಗೋಣು ಅಂತ ಕೇಳ್ತಾಳ, ಅವನ ಒಳಗ ಹೆದರಿಕಿ, ಹೊರಗ ಕಿರಚಾಟ, ಅಕಿ ಕೇಳೋದು ಒಂದು, ಇವ ಉತ್ತರಾ ಕೊಡೋದು ಬ್ಯಾರೆ ಯಾವದಕ್ಕೋ. ಕಿರಚೋಮುಂದ ಅವನ ಮುಖಾ ನೋಡ್ರಿ, ಸಿಟ್ಟಿಗಿಂತ ಅಂಜಿಕಿ ಜಾಸ್ತಿ ಕಾಣಸ್ತೈತಿ. ಮುಂದ ಸ್ಯಾಂಡಿ ತನ್ನ ಹೊಸ ಗೆಳತಿ ಸಿಂಡಿನ ಕರಕೊಂಡು ಬಂದ ರಾತ್ರಿ ಜೊನಾಥನ್ 'ನಮ್ಮ ಜೋಡಿಗಳನ್ನ ಅದಲಬದಲ ಮಾಡೋಣು' ಅಂತಾನ, ಒಳ್ಳೆಯವ ಅಂತ ನೀವು ಹೇಳಿದ ಸ್ಯಾಂಡಿ ಬ್ಯಾಡ ಅನ್ನಂಗಿಲ್ಲ, ಬಾಬಿ ರೂಮಿನ ಕಡೆ ಹೋಗ್ತಾನ. ಅಲ್ಲಿ ಅಕಿ ಗುಳಗಿ ನುಂಗಿ ಬಿದ್ದಿರ್ತಾಳ. ಫೋನ್ ಮಾಡಿ ಜೀವಾ ಉಳಸಾಕ ಓಡ್ಯಾಡೋದು ಸ್ಯಾಂಡಿ, ಅದನ್ನೂ ಹೇಳಬೇಕು. ಆದ್ರ ಅವ ಆ ಬಾಗಲದಾಗ ಹೋಗಿದ್ದು ಯಾತಕ್ಕ ಅನ್ನೋದನ್ನ ನಾವು ಮರಿಬಾರದು.

ನಿದ್ದಿ ಯಾಕ ಬರ್ಲಿಲ್ಲ ಅನ್ನೋದಕ್ಕ ನನ್ನ ಅನುಭವ ಒಂದು ಹೇಳ್ತೀನಿ. 1996ರ ಸುಮಾರು, ಟಿಳಕವಾಡಿಯಾಗ ನಾವು ಮೂರು ಮಂದಿ ಒಂದು ಬಾಡಗಿ ರೂಮಿನಾಗ ಇದ್ವಿ. ಒಬ್ಬ ದೋಸ್ತಗ ಗೋಕಾಕ ಕಡೆ ಒಬ್ಬ ಹುಡುಗಿ ಪತ್ರಾ ಬರೀತಿದ್ಲು, ನೀಲಿ ಇನ್‌ಲ್ಯಾಂಡ್, ಸಣ್ಣ ಅಕ್ಷರ, ಮಡಚೋ ಅಂಚಿನ ತನಕ ಜಾಗಾ ಬಿಡದಂಗ ತುಂಬಿ ಬರೀತಿದ್ಲು. ಅವ ಅದನ್ನ ರಾತ್ರಿ ಊಟಾ ಆದಮ್ಯಾಲ ನಮ್ಮ ಮುಂದ ಓದ್ತಿದ್ದ. ನಾವು ನಗತಿದ್ವಿ. ಒಂದು ಪತ್ರದಾಗ ಅಕಿ ತನ್ನ ಅಪ್ಪನ ಕುಡಿತದ ಬಗ್ಗೆ ಬರದಿದ್ಲು, ಅದನ್ನೂ ಅವ ಓದಿದ, ಅವತ್ತು ಯಾರೂ ನಗಲಿಲ್ಲ, ಆದ್ರ ಸಾಕು ನಿಲ್ಲಸು ಅಂತ ನಾನೂ ಅನ್ನಲಿಲ್ಲ. ಒಂದು ವರ್ಷದ ಮ್ಯಾಲ ಅವ ಬಿಟ್ಟ, ಅಕಿ ಕಡೀಕ ಒಮ್ಮೆ ಬೆಳಗಾವಿ ಬಸ್‌ಸ್ಟ್ಯಾಂಡಿನಾಗ ನನಗ ಕಂಡ್ಲು. ಅಕಿನ್ನ ನಾ ಅದಕ್ಕೂ ಮೊದಲ ಎರಡ ಸಲ ನೋಡಿದ್ದು, ಮಾತಾಡಿರಲಿಲ್ಲ, ಆದ್ರ ಅಕಿ ಮನಿಯೊಳಗಿನ ಎಲ್ಲಾ ನನಗ ಗೊತ್ತಿತ್ತು. ಅಕಿ ನನ್ನ ಮುಖಾ ನೋಡಿದ್ಲು, ಒಂದು ಕ್ಷಣ, ಆಮ್ಯಾಲ ಬ್ಯಾಗಿನ ಜಿಪ್ ಎಳಿಯಾಕತ್ತಿದ್ಲು, ಹಾಕಿದ್ದ ಜಿಪ್ಪನ್ನ ಮತ್ತ ತಗದು ಮತ್ತ ಹಾಕಿದ್ಲು. ಅಕಿಗೆ ತಿಳದಿತ್ತು. ಆ ಕೈ ನನಗ ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ. ನಾ ಅಕಿಗೆ ಏನೂ ಮಾಡಿರಲಿಲ್ಲ, ಬರೇ ಕೇಳಿದ್ದೆ.

ಈ ಸಿನಿಮಾ ನಮ್ಮನ್ನ ಆ ಕೇಳೋ ಜಾಗಾದಾಗ ತಂದು ಕುಂದ್ರಸ್ತೈತಿ. ನೀವು ಗಮನಿಸಿದ್ರೋ ಇಲ್ಲೋ, ಜೊನಾಥನ್ ಆಗಲಿ ಸ್ಯಾಂಡಿ ಆಗಲಿ ಭಾಳ ಕಡೆ ನೇರ ಕ್ಯಾಮರಾದ ಕಣ್ಣಾಗ ಕಣ್ಣಿಟ್ಟು ಮಾತಾಡ್ತಾರ. ಎದುರಿಗೆ ದೋಸ್ತ ಅದಾನ ಅಂತ ನಮಗ ಗೊತ್ತು, ಆದ್ರ ಪರದಿ ಮ್ಯಾಲ ಅವ ಮಾತಾಡೋದು ನಮ್ಮ ಜೋಡಿ. ನಾವ ಆ ರೂಮಿನ ಮೂರನೇ ದೋಸ್ತ ಆಗ್ತೀವಿ. ಚೋರ್ಲಾ ಘಾಟ್ ಇಳದು ಎರಡು ದಿನ ಗೋವಾಕ್ಕ ಹೋಗಿ ಬಂದ ಹುಡುಗೂರು ಸೋಮವಾರ ಚಾದಂಗಡಿ ಮುಂದ ನಿಂತು ಯಾರೋ ಒಬ್ಬಾಕಿ ಬಗ್ಗೆ ಹೇಳಾಕತ್ತಾಗ ಸುತ್ತ ನಿಂತು ಆಮ್ಯಾಲೇನಾತು ಅಂತ ಕೇಳ್ತಾರಲ್ಲ, ಆ ಗುಂಪಿನಾಗ. ಹೇಳಾಂವ ಒಬ್ಬ, ಅವನ ಮಾತಿಗೆ ಜೀವಾ ಕೊಡಾವ್ರು ಕೇಳಾವ್ರು. ಯಾರೂ ಕೇಳದಿದ್ರ ಜೊನಾಥನ್ ಅರ್ಧ ಜೊನಾಥನ್ ಆಗ್ತಿರಲಿಲ್ಲ. ನಿಮಗ ನಿದ್ದಿ ಬರದ್ದು ಇದಕ್ಕ ಇರಬೇಕು ಅಂತ ನನ್ನ ಲೆಕ್ಕ, ಅದು ಚಲೋ ಲಕ್ಷಣ ಅಂತೀನಿ.

ಕಡೀ ಭಾಗ ನಾ ಹೆಚ್ಚು ಬಿಡಿಸಿ ಹೇಳಂಗಿಲ್ಲ, ಎರಡು ಮಾತು ಅಷ್ಟ. ಈಗ ಇಬ್ಬರಿಗೂ ನಲವತ್ತರ ಮ್ಯಾಲ ವಯಸ್ಸು. ಬಾಬಿ ಜೋಡಿ ಜೊನಾಥನ್ ಲಗ್ನಾನೂ ಆಗಿ ಡೈವೋರ್ಸೂ ಆಗೈತಿ. ಮನಿಗೆ ಬಂದ ಸ್ಯಾಂಡಿಗೂ ಅವನ ಹರೇದ ಗೆಳತಿ ಜೆನಿಫರ್‌ಗೂ ಜೊನಾಥನ್ ಸ್ಲೈಡ್ ಶೋ ತೋರಸ್ತಾನ, ತನ್ನ ಜೀವನದಾಗ ಬಂದ ಹೆಂಗಸರ ಫೋಟೋ ಒಂದೊಂದ ಪರದಿ ಮ್ಯಾಲ, ಒಂದೊಂದಕ್ಕೂ ಒಂದು ಬೈಗಳ. ನಡುವ ಸೂಸನ್ ಫೋಟೋ ಬಂದುಬಿಡ್ತೈತಿ, ಗಡಬಡಿಸಿ ಮುಂದಕ್ಕ ದೂಡ್ತಾನ. ಇಪ್ಪತ್ತು ವರ್ಷ ಮುಚ್ಚಿಟ್ಟದ್ದು ಒಂದು ಸೆಕೆಂಡಿನಾಗ ಹೊರಗ. ಎಲ್ಲಾರೂ ಆಗ ಸ್ಯಾಂಡಿ ಏನ್ ಮಾಡ್ತಾನ ಅಂತ ನೋಡ್ತಾರ. ನೀವು ಜೆನಿಫರ್‌ನ ನೋಡ್ರಿ. ಆ ಹುಡುಗಿ ಒಂದು ಮಾತೂ ಆಡದ ಆ ಬೈಗಳ ಎಲ್ಲಾ ಕೇಳಸ್ಕೊಂಡು ಕುಂತಾಳ, ಕೇಳಿ ಅಳೋದು ಆ ಕ್ವಾಣ್ಯಾಗ ಅಕಿ ಒಬ್ಬಾಕಿನ.

ಕಡೀ ಸೀನಿನಾಗ ರೀಟಾ ಮೊರೆನೊ ಮಾಡಿದ ಲೂಯಿಸ್ ಪಾತ್ರ, ರೊಕ್ಕಾ ತಗೊಂಡು ಗಂಡಸರ ಜೋಡಿ ಮಲಗಾಕಿ. ಜೊನಾಥನ್ ಬರದುಕೊಟ್ಟ ಮಾತು ಅಕಿ ಬಾಯಿಪಾಠ ಒಪ್ಪಸಬೇಕು, ನೀ ಎಂಥಾ ಗಂಡಸು, ನಿನ್ನಂಥಾಂವ ಯಾರದಾನ ಅಂತ. ನಡುವ ಒಂದು ಕಡೆ ಮಾತು ತಪ್ಪತೈತಿ, ಇವಂಗ ಸಿಟ್ಟು. ಮೊದಲ ನೆನಪಿಟ್ಕೊಳ್ರಿ ಅಂದಿದ್ನಲ್ಲ, ಇಪ್ಪತ್ತರ ವಯಸ್ಸಿನಾಗ ಸೂಸನ್‌ಗ ನನ್ನ ವಿಚಾರ ನನಗ ಹೇಳು ಅಂತ ಗಂಟುಬಿದ್ದಾಂವ ಇವನ. ಅವತ್ತು ಅಕಿ ಹೇಳಾಕ ಆಗಲಿಲ್ಲ, ಯಾಕಂದ್ರ ಇವ ತನ್ನದೇನೂ ಅಕಿ ಮುಂದ ಇಟ್ಟಿರಲಿಲ್ಲ. ಈಗ ತನ್ನ ವಿಚಾರ ತಾನ ಬರದು, ರೊಕ್ಕಾ ಕೊಟ್ಟು, ಒಬ್ಬಾಕಿ ಬಾಯಿಂದ ಹೇಳಸ್ಕೊಳ್ಳಾಕತ್ತಾನ. ನಾ ಇದನ್ನ ಹತ್ತಾರು ಸಲ ಹುಡುಗೂರಿಗೆ ತೋರ್ಸೀನಿ, ಪ್ರತೀ ಸಲ ಈ ಸೀನಿಗೆ ಬಂದಾಗ ನನ್ನ ಎದಿ ಭಾರ ಆಗ್ತೈತಿ, ಆ ಮನಷ್ಯಾನ ಮ್ಯಾಲ ಸಿಟ್ಟೂ ಬರ್ತೈತಿ, ಕನಿಕರಾನೂ ಬರ್ತೈತಿ.

ನಿಮ್ಮ ರೂಮ್‌ಮೇಟ್ ಹೇಳಿದ್ದು ಅರ್ಧ ಖರೇ ಐತಿ. ಆದ್ರ ಗಂಡಸರು ಅಂದ್ರ ಹಿಂಗ ಅಂತ ಈ ಸಿನಿಮಾ ಎಲ್ಲೂ ಹೇಳಿಲ್ಲ, ಇಬ್ಬರು ಗಂಡಸರು ಒಬ್ಬರಿಗೊಬ್ಬರು ಹೆಂಗ ಹಂಗ ಉಳಿಯಾಕ ಬಿಟ್ರು ಅನ್ನೋದನ್ನ ತೋರ್ಸೈತಿ. ಇಪ್ಪತ್ತು ವರ್ಷದ ಮ್ಯಾಲಿನ ದೋಸ್ತಿ, ಒಮ್ಮೆನಾರ ಒಬ್ಬಾಂವ ಇನ್ನೊಬ್ಬಾಂವಗ ಲೇ ನೀ ಮಾಡಾಕತ್ತಿದ್ದು ತಪ್ಪೈತಿ ಅಂತ ಕೈ ಹಿಡದು ನಿಲ್ಲಸಿದ್ದು ಐತೇನು? ನಾ ಹುಡುಕೀನಿ, ಸಿಕ್ಕಿಲ್ಲ. ಸ್ಯಾಂಡಿ ಒಂದೆರಡು ಸಲ ಬುದ್ಧಿವಾದ ಹೇಳ್ತಾನ ಖರೇ, ಅದೂ ತಾನು ಹೊಸಾ ಹುಡುಗಿ ಜೋಡಿ ಸುಖಾ ಕಂಡೀನಿ ಅಂತ ತೋರಸ್ಕೊಳ್ಳಾಕ.

ಇನ್ನ ನಿಮ್ಮ ಹುಡುಗಿ ಮಾತು. ಅಕಿ ಅರ್ಧಕ್ಕ ಬಂದ್ ಮಾಡಿದ್ಲು ಅಂತ ಬರದೀರಿ. ಯಾವ ಸೀನಿಗೆ ಬಂದ್ ಮಾಡಿದ್ಲು ಅಂತ ಬರದಿಲ್ಲ. ಅರ್ಧ ಅಂದ್ರ ಬಾಬಿ ಬಂದಿರಬೇಕು, ಕೆಲಸ ಬಿಡು ಅಂದ ಮಾತೋ, ಹಾಸಿಗಿ ಮ್ಯಾಲಿನ ಜಗಳಾನೋ, ಅಥವಾ ಇವರಿಬ್ಬರು ಕುಂತು ಮಾತಾಡೋ ಯಾವದೋ ಒಂದು ಸೀನೋ, ಅಕಿಗೆ ಹೊಲಸು ಕಂಡದ್ದು ಯಾವದು ಅನ್ನೋದು ಅಕಿಗೆ ಗೊತ್ತು. ನೀವು ಇನ್ನೂ ಕೇಳಿಲ್ಲ ಅಂತ ಕಾಣಸ್ತೈತಿ, ಅದರ ಬದಲಿ ನನಗ ಬರದೀರಿ. ಇವತ್ತ ಫೋನ್ ಮಾಡಿ ಕೇಳ್ರಿ, ಅಕಿ ಹೇಳೋದು ಮುಗಿಯೋತನಕ ನಡುವ ಬಾಯಿ ಹಾಕಬ್ಯಾಡ್ರಿ. ಅಕಿ ಏನ್ ಹೇಳಿದ್ಲು ಅನ್ನೋದನ್ನ ರೂಮ್‌ಮೇಟ್ ಮುಂದ ಹೇಳಬ್ಯಾಡ್ರಿ, ನನಗೂ ಬರಿಯಾಕ ಹೋಗಬ್ಯಾಡ್ರಿ.